[ಪರಿಹಾರವಾಗಿದೆ] ಮಿಂಟ್ ಹಾಕಿದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ವೈಫೈ ಇಲ್ಲ, ಡ್ರೈವರ್ ಸಿಗುತ್ತಿಲ್ಲ

ಹಳ್ಳಿಮೇಷ್ಟ್ರು, ಪಾಂಡವಪುರ ತಾಲ್ಲೂಕು

ಬಲ್ಲವರಿಗೆಲ್ಲ ನಮಸ್ಕಾರ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋದ ಕಾರಣ, ಒಂಬತ್ತು ವರ್ಷಗಳಿಂದ ಬಳಸುತ್ತಿರುವ ಲ್ಯಾಪ್‌ಟಾಪ್‌ಗೆ ಕಳೆದ ಭಾನುವಾರ ವಿಂಡೋಸ್ ಬದಲಿಗೆ ಬಳಸುವ ಉಚಿತ ಕಾರ್ಯವ್ಯವಸ್ಥೆ ಲಿನಕ್ಸ್ ಮಿಂಟ್ 22 ಹಾಕಿಕೊಂಡೆ. ಪರದೆ, ಧ್ವನಿ, ಕನ್ನಡ ಕೀಲಿಮಣೆ ಎಲ್ಲವೂ ಮೊದಲ ದಿನವೇ ಸರಿಹೋದವು. ವೈಫೈ ಮಾತ್ರ ಕೆಲಸ ಮಾಡುತ್ತಿಲ್ಲ. ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇಲ್ಲವೆಂದು ತೋರುತ್ತದೆ, ಆದರೆ ಡ್ರೈವರ್ ಮ್ಯಾನೇಜರ್ ತೆರೆದರೆ ಯಾವುದೂ ಬೇಕಿಲ್ಲವೆಂದು ಹೇಳುತ್ತದೆ. ಮೂರು ಸಂಜೆ ಇದರಲ್ಲೇ ಕಳೆದವು. ಹತ್ತನೆಯ ತರಗತಿಯ ಮಕ್ಕಳ ಅಂಕಗಳನ್ನು ಶುಕ್ರವಾರದೊಳಗೆ ಆನ್‌ಲೈನ್‌ನಲ್ಲಿ ಏರಿಸಬೇಕಾಗಿರುವುದರಿಂದ, ದಯವಿಟ್ಟು ಯಾವ ಡ್ರೈವರ್ ಹಾಕಬೇಕೆಂದು ಯಾರಾದರೂ ತಿಳಿಸಿ.

ಕುಕ್ಕರಹಳ್ಳಿ ದಂಡೆ, ಮೈಸೂರು

ಮೇಷ್ಟ್ರೇ, ಇದು ಬ್ರಾಡ್‌ಕಾಮ್ ಕಂಪನಿಯ ವೈಫೈ ಕಾರ್ಡ್ ಇರುವವರ ಸಾಮಾನ್ಯ ಪಾಡು. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದರ ಬಿಸಿಎಂ43142 ಚಿಪ್ ಇದೆ. ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೆ ಬರುವ ಬಿ43 ಡ್ರೈವರ್ ಆ ಚಿಪ್‌ಗೆ ಒಗ್ಗುವುದಿಲ್ಲ, ಕಂಪನಿಯ ಮುಚ್ಚಿದ (ಒಳಗಿನ ಸಂಕೇತ ಬಹಿರಂಗವಲ್ಲದ) ಡ್ರೈವರನ್ನೇ ತರಬೇಕು. ಅದರ ಪ್ಯಾಕೇಜಿನ ಹೆಸರು ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್. ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚಿಕೆ) ಚಾಲೂ ಮಾಡಿ, ಇದನ್ನು ಇಳಿಸಿಕೊಳ್ಳಿ. ಹಾಕುವಾಗ ಸೆಕ್ಯೂರ್ ಬೂಟ್‌ಗಾಗಿ, ಅಂದರೆ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಕಾವಲಿಗಾಗಿ, ಒಂದು ಪಾಸ್‌ವರ್ಡ್ ಕೇಳುತ್ತದೆ. ಮತ್ತೆ ಚಾಲೂ ಮಾಡಿದಾಗ ನೀಲಿ ಪರದೆಯೊಂದು ಹತ್ತೇ ಸೆಕೆಂಡು ಕಾಣಿಸುತ್ತದೆ. ಅಷ್ಟರೊಳಗೆ ಒಂದು ಕೀಲಿ ಒತ್ತಿ ಎನ್‌ರೋಲ್ ಎಂಒಕೆ (ನಮ್ಮ ಸಹಿಯ ಕೀಲಿಯ ನೋಂದಣಿ) ಎಂಬುದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಹತ್ತು ಸೆಕೆಂಡು ತಪ್ಪಿದರೆ ಮತ್ತೆ ಮೊದಲಿನಿಂದ ಮಾಡಬೇಕು. ನಾನು ಎರಡು ಸಲ ತಪ್ಪಿಸಿಕೊಂಡಿದ್ದೇನೆ.

ಸರಸ್ವತಿಪುರಂ ಟಕ್ಸ್, ಮೈಸೂರು

ಸ್ವಲ್ಪ ತಾಳಿ. ಮೇಷ್ಟ್ರು ಕಾರ್ಡ್ ಯಾವುದೆಂದು ಎಲ್ಲಿಯೂ ಬರೆದಿಲ್ಲ. ಮೊದಲು ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಎನ್‌ಎನ್‌ಕೆ ಆಯ್ಕೆಯೊಂದಿಗೆ ಕೊಟ್ಟು, ಅದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಎಂದಿರುವ ಸಾಲನ್ನೂ ಅದರ ಕೆಳಗಿನ ಎರಡು ಮೂರು ಸಾಲುಗಳನ್ನೂ ಇಲ್ಲಿ ಹಾಕಿ. ಚಿಪ್ ಯಾವುದು, ಈಗ ಯಾವ ಡ್ರೈವರ್ ಅದನ್ನು ಹಿಡಿದುಕೊಂಡಿದೆ ಎಂಬ ಎರಡೂ ಅಲ್ಲೇ ಸಿಗುತ್ತವೆ. ಅದು ಗೊತ್ತಾಗುವವರೆಗೆ ಏನನ್ನೂ ಹಾಕಬೇಡಿ ಎಂಬುದು ನನ್ನ ಮನವಿ. ಕೀಲಿಮಣೆ ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಬದಲಿಸಿಕೊಳ್ಳಿ.

ಹಳ್ಳಿಮೇಷ್ಟ್ರು

ಕುಕ್ಕರಹಳ್ಳಿಯವರು ಹೇಳಿದಂತೆ ಎಲ್ಲವನ್ನೂ ಮಾಡಿದೆ. ಇಳಿಸಿಕೊಳ್ಳಲು ಮುಕ್ಕಾಲು ಗಂಟೆ ಹಿಡಿಯಿತು. ನೀಲಿ ಪರದೆಯೂ ಬಂತು, ಪಾಸ್‌ವರ್ಡೂ ಒಪ್ಪಿತು. ವೈಫೈ ಮಾತ್ರ ಹಾಗೆಯೇ ಇದೆ.

ಕುಕ್ಕರಹಳ್ಳಿ ದಂಡೆ

ಹಾಗಾದರೆ ಕೀಲಿ ನೋಂದಣಿ ಪೂರ್ತಿ ಆಗಿಲ್ಲ. ಡಿಕೆಎಂಎಸ್ ಮೂಲಕ ಬರುವ ಡ್ರೈವರ್ ನಮ್ಮ ಯಂತ್ರದಲ್ಲೇ ತಯಾರಾಗುತ್ತದೆ. ಅದರ ಮೇಲೆ ವಿತರಣೆಯವರ (ಮಿಂಟ್‌ನಂಥ ಲಿನಕ್ಸ್ ಹಂಚುವವರ) ಸಹಿ ಇರುವುದಿಲ್ಲವಾದ್ದರಿಂದ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ. ಬಯಾಸ್‌ಗೆ (ಯಂತ್ರ ಚಾಲೂ ಆಗುವಾಗಿನ ಮೂಲ ಸೆಟ್ಟಿಂಗ್‌ಗೆ) ಹೋಗಿ ಸೆಕ್ಯೂರ್ ಬೂಟನ್ನೇ ನಿಲ್ಲಿಸಿ ನೋಡಿ. ನಾನು ಕಂಡ ಪ್ರಕರಣಗಳಲ್ಲೆಲ್ಲ ತೊಡಕು ಇಲ್ಲೇ ಇತ್ತು.

ಹಳ್ಳಿಮೇಷ್ಟ್ರು

ನಿಲ್ಲಿಸಿದೆ. ಏನೂ ಬದಲಾಗಲಿಲ್ಲ. ಸಂಜೆಯಿಂದ ಊಟಕ್ಕೂ ಏಳದೆ ಕುಳಿತಿದ್ದೇನೆ. ನಾಳೆ ಮಂಡ್ಯಕ್ಕೆ ಹೋಗಿ ಯಾವುದಾದರೂ ಅಂಗಡಿಯಲ್ಲಿ ಮತ್ತೆ ವಿಂಡೋಸನ್ನೇ ಹಾಕಿಸಿಕೊಂಡು ಬರುವುದು ಲೇಸೆನಿಸುತ್ತಿದೆ.

ಸರಸ್ವತಿಪುರಂ ಟಕ್ಸ್

ಮೇಷ್ಟ್ರೇ, ಹೋಗುವ ಮೊದಲು ನಾನು ಕೇಳಿದ ಆ ನಾಲ್ಕು ಸಾಲುಗಳನ್ನು ದಯವಿಟ್ಟು ಹಾಕಿ. ಕುಕ್ಕರಹಳ್ಳಿಯವರೇ, ಸೆಕ್ಯೂರ್ ಬೂಟ್ ಬಗ್ಗೆ ನೀವು ಹೇಳಿದ್ದು ಹೊರಗಿನಿಂದ ತಂದ ಡ್ರೈವರ್‌ಗೆ ಸಂಪೂರ್ಣ ನಿಜ, ಕರ್ನಲ್ ಜೊತೆಗೇ ಬರುವ ಡ್ರೈವರ್‌ಗೆ ಅದು ಅನ್ವಯಿಸುವುದೇ ಇಲ್ಲ, ಏಕೆಂದರೆ ಅವುಗಳ ಮೇಲೆ ವಿತರಣೆಯ ಸಹಿ ಮೊದಲೇ ಇರುತ್ತದೆ. ಮೇಷ್ಟ್ರ ಕಾರ್ಡ್ ಬ್ರಾಡ್‌ಕಾಮ್ ಅಲ್ಲದಿದ್ದರೆ ನಾವು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗುತ್ತದೆ.

ಕುಕ್ಕರಹಳ್ಳಿ ದಂಡೆ

ನಾನು ಅನುಭವದಿಂದ ಹೇಳಿದೆ. ಮೇಷ್ಟ್ರು ‘ಡ್ರೈವರ್ ಇಲ್ಲ’ ಎಂದು ಸ್ಪಷ್ಟವಾಗಿ ಬರೆದಿದ್ದಾರೆ, ಡ್ರೈವರ್ ಇಲ್ಲದೆ ಒದ್ದಾಡಿಸುವ ಕಾರ್ಡ್‌ಗಳಲ್ಲಿ ಬ್ರಾಡ್‌ಕಾಮ್‌ನದೇ ಮೊದಲ ಸಾಲು. ಈ ಊಹೆಯಲ್ಲಿ ತಪ್ಪೇನಿದೆ?

ಹಳ್ಳಿಮೇಷ್ಟ್ರು

ನೋಡಿ ಬರೆದುಕೊಂಡಿದ್ದೇನೆ. ನೆಟ್‌ವರ್ಕ್ ಕಂಟ್ರೋಲರ್: ರಿಯಲ್‌ಟೆಕ್ ಆರ್‌ಟಿಎಲ್8723ಬಿಇ, ಆವರಣದಲ್ಲಿ 10ಇಸಿ:ಬಿ723. ಅದರ ಕೆಳಗೆ, ಬಳಕೆಯಲ್ಲಿರುವ ಕರ್ನಲ್ ಡ್ರೈವರ್: ಆರ್‌ಟಿಎಲ್8723ಬಿಇ.

ಹಾಗಾದರೆ ಡ್ರೈವರ್ ಇದೆಯೇ? ಇದ್ದರೆ ಜಗಲಿಯಲ್ಲಿ ಕುಳಿತಾಗ ಏಕೆ ಹಿಡಿಯುವುದಿಲ್ಲ? ರೂಟರ್ ಇರುವ ನಡುಮನೆಯಲ್ಲಿ, ಅದರ ಪಕ್ಕದಲ್ಲೇ ಇಟ್ಟರೆ ಹಿಡಿಯುತ್ತದೆ. ನಾಲ್ಕು ಹೆಜ್ಜೆ ಈಚೆ ಬಂದರೆ ಹೋಗುತ್ತದೆ. ಇದನ್ನು ಮೊದಲೇ ಬರೆದಿದ್ದೆನೆಂದು ಭಾವಿಸಿದ್ದೆ.

ಸರಸ್ವತಿಪುರಂ ಟಕ್ಸ್

ಇಲ್ಲ ಮೇಷ್ಟ್ರೇ, ನೀವು ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದಿದ್ದಿರಿ. ಪಕ್ಕದಲ್ಲಿಟ್ಟರೆ ಹಿಡಿಯುತ್ತದೆ ಎಂಬ ಒಂದು ಮಾತಿನಿಂದ ಇಡೀ ಪ್ರಶ್ನೆಯೇ ಬದಲಾಯಿತು. ಡ್ರೈವರ್ ಇದೆ, ಚಿಪ್ಪನ್ನು ಹಿಡಿದುಕೊಂಡಿದೆ, ಚಿಪ್ಪಿನೊಳಗೆ ನಡೆಯುವ ಫರ್ಮ್‌ವೇರ್ ತಂತ್ರಾಂಶವೂ ಏರಿದೆ. ಏರದಿದ್ದರೆ ಪಕ್ಕದಲ್ಲಿಟ್ಟರೂ ಹಿಡಿಯುತ್ತಿರಲಿಲ್ಲ. ಈಗ ಜಗಲಿಯಲ್ಲಿ ಕುಳಿತು, ಅದೇ ಜಾಗದಲ್ಲಿ ಫೋನ್‌ಗೆ ಎಷ್ಟು ಕಡ್ಡಿ ಸಿಗುತ್ತವೆ ಎಂದು ನೋಡಿ ತಿಳಿಸಿ.

ಹಳೆಯಂತ್ರ, ಮಂಡ್ಯ

ಅಷ್ಟೆಲ್ಲ ಏಕೆ, ಕಾರ್ಡನ್ನೇ ಬದಲಿಸಿ. ನನ್ನ ಬಳಿ ಹಳೆಯ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಒಂದಿದೆ, ಅದಕ್ಕೆ ಅಥೆರಾಸ್ ಕಂಪನಿಯ ಎಆರ್9285 ಕಾರ್ಡ್ ಹಾಕಿಕೊಂಡಿದ್ದೇನೆ. ಅದರ ಅಥ್9ಕೆ ಡ್ರೈವರ್ ಪೂರ್ತಿ ಮುಕ್ತ ತಂತ್ರಾಂಶ, ಹೊರಗಿನ ಫರ್ಮ್‌ವೇರ್ ಕಡತವನ್ನೂ ಕೇಳುವುದಿಲ್ಲ. ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಮರುಗಳಿಗೆಯೇ ವೈಫೈ ಬಂತು. 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹಾಕಿದ ಮೇಲೆ ಇಂದಿಗೂ ಹೊಸ ಯಂತ್ರಗಳಿಗೆ ಸಮನಾಗಿ ನಡೆಯುತ್ತಿದೆ. ಇನ್ನು ಮೇಷ್ಟ್ರ ಮನೆ ಹಳೆಯ ಕಾಲದ್ದಾಗಿದ್ದರೆ ಮಣ್ಣಿನ ಗೋಡೆ ಎರಡಡಿ ದಪ್ಪವಿರುತ್ತದೆ, ಅದನ್ನು ದಾಟಿ ಸಿಗ್ನಲ್ ಬರುವುದು ಕಷ್ಟ. ದೋಷ ಗೋಡೆಯದಿರಬೇಕು.

ಕುಕ್ಕರಹಳ್ಳಿ ದಂಡೆ

ಗೋಡೆಯೆಂಬುದು ನನಗೂ ಒಪ್ಪಿಗೆಯಾಗುವ ಮಾತು. ಆದರೆ ಕಾರ್ಡ್ ಬದಲಿಸಿ ಎನ್ನುವ ಮುನ್ನ ಯೋಚಿಸಿ. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಚಾಲೂ ಆಗಲೇ ಒಪ್ಪುವುದಿಲ್ಲ.

ಹಳೆಯಂತ್ರ

ಥಿಂಕ್‌ಪ್ಯಾಡ್‌ನಲ್ಲೂ ಆ ಪಟ್ಟಿ ಇತ್ತು, ನಾನು ಪಟ್ಟಿಯಲ್ಲಿದ್ದ ಕಾರ್ಡನ್ನೇ ಹುಡುಕಿ ತಂದೆ. ಸಾಧ್ಯವಿಲ್ಲವೆಂದು ಹೇಳುವುದು ಸರಿಯಲ್ಲ.

ಹಳ್ಳಿಮೇಷ್ಟ್ರು

ನಮ್ಮದು ತೊಟ್ಟಿ ಮನೆ, ಗೋಡೆ ಮಣ್ಣಿನದೇ, ದಪ್ಪವೂ ಇದೆ. ಆದರೆ ಜಗಲಿಯಲ್ಲಿ ಫೋನ್‌ಗೆ ನಾಲ್ಕಕ್ಕೆ ಮೂರು ಕಡ್ಡಿ ಸಿಗುತ್ತವೆ. ವಿಂಡೋಸ್ ಇದ್ದಾಗ ಇದೇ ಲ್ಯಾಪ್‌ಟಾಪ್‌ನಲ್ಲಿ ಇದೇ ಜಗಲಿಯಲ್ಲಿ ಕುಳಿತು ಒಂಬತ್ತು ವರ್ಷ ಪಾಠದ ಟಿಪ್ಪಣಿ ಸಿದ್ಧಮಾಡಿದ್ದೇನೆ. ಗೋಡೆ ಅಂದೂ ಇದೇ ಇತ್ತು. ರೂಟರ್ ಎರಡು ಹೆಸರು ತೋರಿಸುತ್ತದೆ, ಕೊನೆಯಲ್ಲಿ 5ಜಿ ಎಂದಿರುವ ಹೆಸರು ಫೋನ್‌ಗೆ ಕಾಣುತ್ತದೆ, ಲ್ಯಾಪ್‌ಟಾಪ್‌ಗೆ ಕಾಣುವುದೇ ಇಲ್ಲ. ಇದೂ ಡ್ರೈವರ್ ದೋಷವೇ?

ಸರಸ್ವತಿಪುರಂ ಟಕ್ಸ್

5ಜಿ, ಅಂದರೆ 5 ಗಿಗಾಹರ್ಟ್ಸ್ ತರಂಗದ, ಹೆಸರು ಕಾಣದಿರುವುದು ದೋಷವಲ್ಲ. 8723ಬಿಇ ಚಿಪ್‌ಗೆ 2.4 ಗಿಗಾಹರ್ಟ್ಸ್ ಮಾತ್ರ ತಿಳಿಯುತ್ತದೆ, ವಿಂಡೋಸ್‌ನಲ್ಲೂ ಅದು ಕಂಡಿರಲಾರದು.

ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಈ ಕಾರ್ಡಿನೊಂದಿಗೆ ಸಾಕಷ್ಟು ಹೆಣಗಿರುವುದರಿಂದ ವಿವರವಾಗಿ ಬರೆಯುತ್ತೇನೆ. ಲ್ಯಾಪ್‌ಟಾಪ್‌ನ ವೈಫೈ ಆಂಟೆನಾ ಸಾಮಾನ್ಯವಾಗಿ ಪರದೆಯ ಚೌಕಟ್ಟಿನೊಳಗೆ ಇರುತ್ತದೆ. ಅಲ್ಲಿಂದ ಹೊಲಿಗೆ ದಾರದಷ್ಟು ತೆಳುವಾದ ತಂತಿ, ಪರದೆ ಮಡಚುವ ಕೀಲಿನೊಳಗಿಂದ ನುಸುಳಿ ಬಂದು, ಕಾರ್ಡಿನ ಮೇಲಿನ ಪುಟ್ಟ ಹಿತ್ತಾಳೆ ಬಣ್ಣದ ಗುಂಡಿಗೆ ಕೂಡಿಕೊಳ್ಳುತ್ತದೆ. ಈ ಕಾರ್ಡಿನಲ್ಲಿ ಅಂಥ ಗುಂಡಿಗಳು ಎರಡು. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರು ಒಂದೇ ಆಂಟೆನಾ ಕೂರಿಸಿ, ಒಂದೇ ತಂತಿ ಎಳೆದು, ಇನ್ನೊಂದು ಗುಂಡಿಯನ್ನು ಖಾಲಿ ಬಿಟ್ಟಿರುತ್ತಾರೆ. ಯಾವ ಗುಂಡಿಗೆ ತಂತಿಯಿದೆ ಎಂಬುದನ್ನು ಚಿಪ್ಪಿನೊಳಗಿನ ಶಾಶ್ವತ ನೆನಪಿನಲ್ಲಿ, ಅಂದರೆ ಇ-ಫ್ಯೂಸ್‌ನಲ್ಲಿ, ಬರೆದಿಡಬೇಕು. ಕೆಲವು ಮಾದರಿಗಳಲ್ಲಿ ಅದು ತಪ್ಪಾಗಿ ಬರೆದಿರುತ್ತದೆ. ಲಿನಕ್ಸ್ ಡ್ರೈವರ್ ಅಲ್ಲಿ ಬರೆದಿರುವುದನ್ನೇ ನಂಬಿ, ತಂತಿಯಿಲ್ಲದ ಖಾಲಿ ಗುಂಡಿಯಿಂದ ಕೇಳಿಸಿಕೊಳ್ಳಲು ಹೊರಡುತ್ತದೆ. ರೂಟರ್ ಮಗ್ಗುಲಲ್ಲೇ ಇದ್ದರೆ ಖಾಲಿ ಗುಂಡಿಗೂ ಅಷ್ಟಿಷ್ಟು ಕೇಳಿಸುತ್ತದೆ, ಗೋಡೆಯಾಚೆ ಹೋದರೆ ಏನೂ ಇಲ್ಲ. ಮೇಷ್ಟ್ರು ಹೇಳಿದ ಲಕ್ಷಣ ಇದಕ್ಕೆ ಅಚ್ಚೊತ್ತಿದಂತೆ ಹೊಂದುತ್ತದೆ.

ಇದಕ್ಕೆಂದೇ ಡ್ರೈವರ್‌ನಲ್ಲಿ ‘ಆಂಟ್ ಸೆಲ್’ ಎಂಬ ಆಯ್ಕೆ ಇದೆ. ಎರಡು ಪದಗಳ ನಡುವೆ ಖಾಲಿ ಜಾಗದ ಬದಲು ಅಂಡರ್‌ಸ್ಕೋರ್ ಹಾಕಬೇಕು. ಸೊನ್ನೆ ಎಂದರೆ ಇ-ಫ್ಯೂಸ್ ಹೇಳಿದಂತೆ, 1 ಅಥವಾ 2 ಎಂದರೆ ನಾವು ಹೇಳಿದ ಗುಂಡಿ. ಜಗಲಿಯಲ್ಲೇ ಕುಳಿತು ಹೀಗೆ ಮಾಡಿ. ಸುಡೋ (ನಿರ್ವಾಹಕರ ಅನುಮತಿ) ಜೊತೆಗೆ ಮಾಡ್‌ಪ್ರೋಬ್ ಆಜ್ಞೆಯನ್ನು ಆರ್ ಆಯ್ಕೆಯೊಂದಿಗೆ ಕೊಟ್ಟು ಆರ್‌ಟಿಎಲ್8723ಬಿಇ ಡ್ರೈವರನ್ನು ಕರ್ನಲ್‌ನಿಂದ ತಾತ್ಕಾಲಿಕವಾಗಿ ಹೊರತೆಗೆಯಿರಿ. ಬಳಿಕ ಅದೇ ಮಾಡ್‌ಪ್ರೋಬ್‌ನಿಂದ, ಡ್ರೈವರ್ ಹೆಸರಿನ ನಂತರ ಆಂಟ್ ಸೆಲ್ ಸಮ 1 ಎಂದು ಸೇರಿಸಿ ಮತ್ತೆ ಏರಿಸಿ. ಅರ್ಧ ನಿಮಿಷ ಬಿಟ್ಟು ಸಿಗ್ನಲ್ ಎಷ್ಟಿದೆಯೆಂದು ಐಡಬ್ಲ್ಯು ಆಜ್ಞೆಯಲ್ಲಿ ನೋಡಿ ಬರೆದುಕೊಳ್ಳಿ. ಆಮೇಲೆ 2 ಹಾಕಿ ಅದನ್ನೇ ಮಾಡಿ. ಇದರಿಂದ ಯಂತ್ರಕ್ಕೆ ಯಾವ ಹಾನಿಯೂ ಇಲ್ಲ, ಮರುಚಾಲನೆ ಮಾಡಿದರೆ ಮೊದಲಿನಂತಾಗುತ್ತದೆ.

ಕುಕ್ಕರಹಳ್ಳಿ ದಂಡೆ

ಇದು ನನಗೆ ತಿಳಿದಿರಲಿಲ್ಲ. ಆದರೂ ಗಿಟ್‌ಹಬ್ ಎಂಬ ತಾಣದಲ್ಲಿ ಸಿಗುವ ಹೊಸ ಆವೃತ್ತಿಯ ಡ್ರೈವರ್ ಹಾಕಿದರೆ ಈ ಆಯ್ಕೆಯ ಗೋಜೇ ಇಲ್ಲದೆ ಸರಿಹೋಗಬಹುದಲ್ಲವೇ?

ಸರಸ್ವತಿಪುರಂ ಟಕ್ಸ್

ಬೇಡ. ಹೊರಗಿನಿಂದ ತಂದದ್ದನ್ನು ಪ್ರತಿ ಕರ್ನಲ್ ಪರಿಷ್ಕರಣೆಗೂ ಮತ್ತೆ ಕಟ್ಟಬೇಕು, ಕಟ್ಟುವುದು ಒಂದು ದಿನ ವಿಫಲವಾದರೆ ಮೇಷ್ಟ್ರು ಮತ್ತೆ ಫೋನಿನ ತಂತಿ ಹಿಡಿದು ಕೂರಬೇಕು. ಕರ್ನಲ್ ಒಳಗಿನ ಡ್ರೈವರ್‌ಗೆ ಒಂದು ಸಾಲಿನ ಆಯ್ಕೆ ಕೊಟ್ಟರೆ ಮುಗಿಯಿತು.

ಹಳ್ಳಿಮೇಷ್ಟ್ರು

ಎಲ್ಲರಿಗೂ ಕೈಮುಗಿಯುತ್ತೇನೆ. ಮೊದಲು ಸುಮ್ಮನೆ ನೋಡಿದಾಗ ಸಿಗ್ನಲ್ ಮೈನಸ್ 84 ಡಿಬಿಎಂ (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಇತ್ತು. 1 ಹಾಕಿದಾಗ ನಮ್ಮ ಮನೆಯ ಹೆಸರೇ ಪಟ್ಟಿಯಿಂದ ಮಾಯವಾಯಿತು, ನಿಜಕ್ಕೂ ಗಾಬರಿಯಾದೆ. 2 ಹಾಕಿ ಅರ್ಧ ನಿಮಿಷ ಕಾದೆ. ಮೂಲೆಯಲ್ಲಿದ್ದ ಬೀಸಣಿಗೆಯಂಥ ಚಿತ್ರ ಒಂದೊಂದೇ ಗೆರೆ ತುಂಬಿಕೊಳ್ಳುತ್ತಾ ಬಂದು ಪೂರ್ತಿಯಾಯಿತು. ಈಗ ಮೈನಸ್ 52. ಅದೇ ಜಗಲಿ, ಅದೇ ಗೋಡೆ. ನಮ್ಮ ಮನೆಯ ಹೆಸರಿನ ಜೊತೆಗೆ ಎದುರು ಬೀದಿಯ ಮೂರು ಮನೆಗಳ ಹೆಸರೂ ಈಗ ಕಾಣುತ್ತಿವೆ. ಈ ಪತ್ರವನ್ನು ಫೋನ್ ಬಿಟ್ಟು ಲ್ಯಾಪ್‌ಟಾಪಿನಿಂದಲೇ ಬರೆಯುತ್ತಿದ್ದೇನೆ.

ಸರಸ್ವತಿಪುರಂ ಟಕ್ಸ್

ಬಹಳ ಸಂತೋಷವಾಯಿತು ಮೇಷ್ಟ್ರೇ. ಡಿಬಿಎಂ ಅಳತೆಯಲ್ಲಿ ಹತ್ತು ಏರಿದರೆ ಸಿಗ್ನಲ್ ಹತ್ತು ಪಟ್ಟು ಆದಂತೆ. ನಿಮಗೆ ಮೂವತ್ತೆರಡು ಏರಿರುವುದರಿಂದ ಸುಮಾರು ಒಂದೂವರೆ ಸಾವಿರ ಪಟ್ಟು ಹೆಚ್ಚು ಸಿಗುತ್ತಿದೆ.

ಇದನ್ನು ಕಾಯಂ ಮಾಡಲು ಇಟಿಸಿ ಫೋಲ್ಡರಿನೊಳಗಿನ ಮಾಡ್‌ಪ್ರೋಬ್ ಡಾಟ್ ಡಿ ಎಂಬಲ್ಲಿ, ಕಾನ್ಫ್ ಎಂದು ಕೊನೆಗೊಳ್ಳುವ ಹೊಸ ಕಡತ ಮಾಡಿ, ಆಪ್ಷನ್ಸ್ ಎಂಬ ಪದ, ಡ್ರೈವರ್ ಹೆಸರು, ಆಂಟ್ ಸೆಲ್ ಸಮ 2, ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದು ಉಳಿಸಿ. ಕರ್ನಲ್ ಬದಲಾದರೂ ಈ ಸಾಲು ಉಳಿಯುತ್ತದೆ. ನಿಮಗೆ ಬೇಕಿಲ್ಲದ ಬ್ರಾಡ್‌ಕಾಮ್ ಪ್ಯಾಕೇಜನ್ನು ತೆಗೆದುಹಾಕಿ, ಸೆಕ್ಯೂರ್ ಬೂಟನ್ನು ಮತ್ತೆ ಚಾಲೂ ಮಾಡಿಕೊಳ್ಳಿ.

ಒಂದು ಮಾತು ಹೇಳದಿರಲಾರೆ. ಈ ರಿಯಲ್‌ಟೆಕ್ ಡ್ರೈವರ್‌ಗಳನ್ನು ಕರ್ನಲ್‌ನಲ್ಲಿ ವರ್ಷಾನುಗಟ್ಟಲೆ ನೋಡಿಕೊಂಡವರು ಲ್ಯಾರಿ ಫಿಂಗರ್. ಕುಕ್ಕರಹಳ್ಳಿಯವರು ಹೇಳಿದ ಬಿ43ಯಲ್ಲೂ ಅವರ ಕೆಲಸವಿದೆ. 2024ರ ಜೂನ್‌ನಲ್ಲಿ ಅವರು ತೀರಿಕೊಂಡರು. ನಮ್ಮ ಹಳ್ಳಿಯ ಜಗಲಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಇಂದಿಗೂ ನಡೆಯುತ್ತಿದ್ದರೆ ಅದರಲ್ಲಿ ಅವರ ದುಡಿಮೆಯ ಪಾಲಿದೆ.

ಕುಕ್ಕರಹಳ್ಳಿ ದಂಡೆ

ಮೇಷ್ಟ್ರೇ, ನಿಮ್ಮ ಒಂದು ಸಂಜೆ ನನ್ನಿಂದ ಹಾಳಾಯಿತು, ಕ್ಷಮಿಸಿ. ಸೆಕ್ಯೂರ್ ಬೂಟ್ ವಿಷಯದಲ್ಲಿ ನಾನು ಬರೆದದ್ದನ್ನು ಅಳಿಸುವುದಿಲ್ಲ, 43142 ಇರುವವರಿಗೆ ಅದು ಬೇಕಾಗುತ್ತದೆ.

ಹಳೆಯಂತ್ರ

ಸರಿಹೋದದ್ದು ಒಳ್ಳೆಯದಾಯಿತು. ಆದರೂ ಅಥೆರಾಸ್ ಹಾಕಿದ್ದರೆ ಇಷ್ಟೂ ಬೇಕಾಗುತ್ತಿರಲಿಲ್ಲ.

ಹಳ್ಳಿಮೇಷ್ಟ್ರು

ಅಂಕಗಳೆಲ್ಲ ಗುರುವಾರ ರಾತ್ರಿಯೇ ಏರಿದವು. ಮುಂದೆ ಇದೇ ತೊಂದರೆಯಲ್ಲಿ ಬರುವವರಿಗೆ ಅನುಕೂಲವಾಗಲೆಂದು ಶೀರ್ಷಿಕೆಯಲ್ಲಿ ಪರಿಹಾರವಾಗಿದೆ ಎಂದು ಸೇರಿಸಿದ್ದೇನೆ. ‘ಡ್ರೈವರ್ ಸಿಗುತ್ತಿಲ್ಲ’ ಎಂದು ನಾನು ತಪ್ಪಾಗಿ ಬರೆದದ್ದನ್ನು ಹಾಗೆಯೇ ಬಿಟ್ಟಿದ್ದೇನೆ, ಏಕೆಂದರೆ ಅವರೂ ಹಾಗೆಯೇ ಬರೆದು ಹುಡುಕುತ್ತಾರೆ.

ನಿಮಿಷಾಂಬ ಸೇತುವೆ, ಶ್ರೀರಂಗಪಟ್ಟಣ

ನನಗೂ ಇದೇ ಸಮಸ್ಯೆ, ಆದರೆ ನನ್ನದು ಯುಎಸ್‌ಬಿಗೆ ಚುಚ್ಚುವ ಸಣ್ಣ ವೈಫೈ ಡಾಂಗಲ್. ಮೇಲೆ ಹೇಳಿದಂತೆ ಆಂಟ್ ಸೆಲ್ 2 ಹಾಕಿದೆ, ಏನೂ ಆಗಲಿಲ್ಲ. ಯಾವ ಡ್ರೈವರ್ ಹಾಕಬೇಕು?

ಸರಸ್ವತಿಪುರಂ ಟಕ್ಸ್

ನಿಮ್ಮದು ಬೇರೆ ಚಿಪ್, ಈ ಆಯ್ಕೆ ಅದಕ್ಕೆ ತಾಗುವುದಿಲ್ಲ. ಎಲ್‌ಎಸ್‌ಯುಎಸ್‌ಬಿ ಆಜ್ಞೆ ಕೊಟ್ಟು ಬರುವ ಸಾಲನ್ನು ಹಾಕಿ, ಡಾಂಗಲ್ ಚುಚ್ಚಿದಾಗ ನಿಖರವಾಗಿ ಏನಾಗುತ್ತದೆ ಎಂಬುದನ್ನೂ ಬರೆದು ಹೊಸ ಚರ್ಚೆ ತೆರೆಯಿರಿ.

ನಿಮಿಷಾಂಬ ಸೇತುವೆ

ಡಾಂಗಲ್ ಕಪ್ಪು ಬಣ್ಣದ್ದು, ಮೇಲೆ ಹೆಸರಿಲ್ಲ. ವೈಫೈ ಕೆಲಸ ಮಾಡುತ್ತಿಲ್ಲ.