ಸಾಕಿದ ನಾಯಿ ಕಚ್ಚಿದರೆ ಹೊಣೆ ಯಾರದು? ವಕೀಲರನ್ನು ಕೇಳಿ

ವಕೀಲೆ: ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಸಾಕಿದ ನಾಯಿ ಕಚ್ಚಿದ್ದರ ಬಗ್ಗೆ ಕೇಳಿ. ನಿಮ್ಮ ಹೆಸರು ಬೇಡ, ಬಡಾವಣೆ ಅಥವಾ ಊರಿನ ಹೆಸರು ಸಾಕು. ಗಾಯ ಈಗಷ್ಟೇ ಆಗಿದ್ದರೆ ಹದಿನೈದು ನಿಮಿಷ ಸೋಪು ಹಚ್ಚಿ ನಲ್ಲಿ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಪ್ರಶ್ನೆ ಆಮೇಲೆ.

ಕೇಶ್ವಾಪುರ: ಮೇಡಂ, ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಬೋರ್ಡ್ ಹಾಕಿದ್ದೇವೆ. ಕಚ್ಚಿದ್ರೂ ನಮ್ಮ ಮೇಲೆ ಕೇಸ್ ಆಗಲ್ಲ ಅಲ್ವಾ?

ವಕೀಲೆ: ಆಗಬಹುದು. ಬೋರ್ಡ್ ಹಾಕಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಭಾರತೀಯ ನ್ಯಾಯ ಸಂಹಿತೆ 291ನೇ ಕಲಂ ಪ್ರಕಾರ, ನಿಮ್ಮ ವಶದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಅಥವಾ ದೊಡ್ಡ ಗಾಯ ಆಗದಂತೆ ಸಾಕಷ್ಟು ಎಚ್ಚರ ವಹಿಸಬೇಕು. ವಹಿಸದಿದ್ದರೆ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2024ರ ಜುಲೈ 1ಕ್ಕಿಂತ ಮೊದಲು ಆಗಿದ್ದಕ್ಕೆ ಹಳೆಯ ದಂಡ ಸಂಹಿತೆ (ಐಪಿಸಿ) 289ನೇ ಕಲಂ.

ಮಾಳಮಡ್ಡಿ: ಫಾರ್ವರ್ಡ್ ಬಂದಿದೆ, ಎಲ್ಲರೂ ಓದಿ. ಒಂದೊಂದು ಹಲ್ಲಿನ ಗುರುತಿಗೆ ಮಾಲೀಕರು 10,000 ಕೊಡಲೇಬೇಕು, ಹೈಕೋರ್ಟ್ ಆದೇಶ!!

ವಕೀಲೆ: ಅರ್ಧ ಮಾತ್ರ ನಿಜ. ಆ ಲೆಕ್ಕ ಹೇಳಿದ್ದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್, 2023ರ ನವೆಂಬರ್‌ನಲ್ಲಿ. ಬೀದಿ ನಾಯಿ, ಬಿಡಾಡಿ ದನಗಳಿಂದ ತೊಂದರೆಯಾದವರಿಗೆ ಅಲ್ಲಿನ ಸರ್ಕಾರ ಕೊಡಬೇಕಾದ ಪರಿಹಾರ ಅದು. ಧಾರವಾಡದ ನಾಯಿ ಮಾಲೀಕರಿಗೆ ಅದನ್ನು ತೋರಿಸಿ ಹಣ ಕೇಳಲು ಬರುವುದಿಲ್ಲ. ಇಲ್ಲಿ ಸಿವಿಲ್ ಕೋರ್ಟಿಗೆ ಹೋಗಬೇಕು. ಆಸ್ಪತ್ರೆ ಖರ್ಚು, ತಪ್ಪಿದ ಕೂಲಿ, ಪಟ್ಟ ನೋವು ಎಲ್ಲ ಕೇಳಬಹುದು, ಪುರಾವೆ ಇರಬೇಕು.

ಗೋಕುಲ ರಸ್ತೆ: ಅಕ್ಕಾವ್ರೇ, ನಾಲ್ಕು ದಿನದ ಹಿಂದೆ ಟ್ಯೂಷನ್‌ಗೆ ಹೋಗುತ್ತಿದ್ದ ನನ್ನ ಮಗನಿಗೆ ಪಕ್ಕದ ಓಣಿಯ ಲ್ಯಾಬ್ರಡಾರ್ ಕಚ್ಚಿದೆ. ಮುಂಗೈಯಲ್ಲಿ ಎರಡು ತೂತು ಬಿದ್ದಿವೆ. ಅವನಿಗೆ ಒಂಬತ್ತು ವರ್ಷ. ಆ ಮನೆಯ ಗೇಟಿನ ಕೊಂಡಿ ಮುರಿದು ತಿಂಗಳುಗಳೇ ಆಗಿವೆ, ಸುತಳಿಯಿಂದ ಕಟ್ಟಿರುತ್ತಾರೆ. ಮೊದಲು ಪೇಪರ್ ಹಾಕುವ ಹುಡುಗನಿಗೂ ಕಚ್ಚಿತ್ತು. ಕೇಳಿದರೆ ‘ನಾಯಿ ಪುಣೆಯಲ್ಲಿರುವ ಮಗನದು, ನಮಗೆ ಸಂಬಂಧ ಇಲ್ಲ’ ಅಂತಾರೆ. ನಮ್ಮ ಯಜಮಾನ್ರು 4,000 ತಗೊಂಡು, ದೂರು ಕೊಡಲ್ಲ ಅಂತ ಬಾಂಡ್ ಪೇಪರ್ ಮೇಲೆ ಸಹಿ ಮಾಡಿದ್ದಾರೆ. ಎರಡು ಇಂಜೆಕ್ಷನ್ ಆಗಿವೆ. ಮನೆನಾಯಿ ಅಲ್ವಾ, ಸಾಕು ಅಂತಾರೆ ಅತ್ತೆ.

ವಕೀಲೆ: ತಂಗಿ, ರೇಬೀಸ್ ಲಸಿಕೆಯ ಇಂಜೆಕ್ಷನ್ ನಿಲ್ಲಿಸಬೇಡಿ. ಇಂದೇ ಹುಡುಗನನ್ನು ಕರೆದುಕೊಂಡು ಹೋಗಿ ಡಾಕ್ಟರನ್ನು ಎರಡು ವಿಷಯ ಕೇಳಿ. ಮುಂದಿನ ಡೋಸ್ ಯಾವತ್ತು? ಗಾಯದೊಳಗೆ ಕೊಡುವ ಇಮ್ಯುನೋಗ್ಲಾಬ್ಯುಲಿನ್, ಅಂದರೆ ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ, ಕೊಟ್ಟಿದ್ದಾರಾ? ಮೊದಲ ಇಂಜೆಕ್ಷನ್ ಆಗಿ ಏಳು ದಿನ ದಾಟಿದರೆ ಅದನ್ನು ಕೊಡುವುದಿಲ್ಲ, ಅದಕ್ಕೇ ಅವಸರ ಮಾಡುತ್ತಿದ್ದೇನೆ. ಯಾರ ನಾಯಿ, ಎಲ್ಲಿ, ಹೇಗೆ ಕಚ್ಚಿತು ಅಂತ ಹೇಳಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ಆಸ್ಪತ್ರೆ ದಾಖಲೆ) ಮಾಡಿಸಿ. ಚೀಟಿ, ಕಾರ್ಡ್, ಬಿಲ್ ಯಾವುದನ್ನೂ ಎಸೆಯಬೇಡಿ.

ಇನ್ನು ಕಾನೂನು. ಕಲಂ ಕೇಳುವುದು ನಾಯಿ ಯಾರ ವಶದಲ್ಲಿತ್ತು ಅಂತ. ಯಾರ ದುಡ್ಡಲ್ಲಿ ತಂದರು ಅಂತ ಅಲ್ಲ. ದಿನಾ ಅನ್ನ ಹಾಕಿ, ಕಟ್ಟಿ ಬಿಚ್ಚುವವರು ಅವರೇ ಆದಮೇಲೆ ಮಗ ಪುಣೆಯಲ್ಲಿದ್ದಾನೆ ಅನ್ನುವುದು ನೆವ. ನಿಮ್ಮ ಕೇಸಿನ ಜೀವ ಆ ಸುತಳಿಯಲ್ಲಿದೆ. ಒಮ್ಮೆ ಕಚ್ಚಿದ ನಾಯಿ ಅಂತ ಗೊತ್ತಿದ್ದೂ ಕೊಂಡಿ ರಿಪೇರಿ ಮಾಡಿಸಲಿಲ್ಲ ಅಂದರೆ ನಿರ್ಲಕ್ಷ್ಯ ಅನ್ನಲು ಇನ್ನೇನು ಬೇಕು? ಅವರು ಹೊಸ ಕೊಂಡಿ ಹಾಕಿಸುವ ಮೊದಲು ರಸ್ತೆಯಲ್ಲಿ ನಿಂತು ಗೇಟಿನ ಫೋಟೋ ತೆಗೆಯಿರಿ, ಸುತಳಿ ಕಾಣಬೇಕು. ಪೇಪರ್ ಹುಡುಗ ಸಾಕ್ಷಿ ಹೇಳುತ್ತಾನಾ ವಿಚಾರಿಸಿ. ಎದುರು ಮನೆಯ ಸಿಸಿಟಿವಿ ರೆಕಾರ್ಡಿಂಗ್ ಅಳಿಸಿಹೋಗುವ ಮೊದಲು ಕೇಳಿ ಪಡೆಯಿರಿ.

ಬಾಂಡ್ ಪೇಪರ್‌ಗೆ ಹೆದರಬೇಡಿ. ದೂರು ಕೊಡಬಾರದು ಅಂತ ಹಣ ಕೊಟ್ಟು ಬರೆಸಿಕೊಂಡ ಕರಾರು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಪಡೆದ 4,000 ಮುಚ್ಚಿಡದೆ ದೂರಿನಲ್ಲೇ ಬರೆಯಿರಿ. 291ರ ಜೊತೆ 125ನೇ ಕಲಂ, ಅಂದರೆ ನಿರ್ಲಕ್ಷ್ಯದಿಂದ ಬೇರೆಯವರ ಜೀವಕ್ಕೆ, ಸುರಕ್ಷತೆಗೆ ಅಪಾಯ ಒಡ್ಡಿದ್ದು, ಅದನ್ನೂ ಹಾಕಲು ಕೇಳಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಪೊಲೀಸ್ ಕಮಿಷನರ್‌ಗೆ ಬರೆದು ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗೋಣ.

ಉಣಕಲ್: ಅಕ್ಕಾ, ಗಾಯಕ್ಕೆ ಖಾರದಪುಡಿ, ಸುಣ್ಣ ಹಚ್ಚಿದ್ರೆ ವಿಷ ಇಳಿಯುತ್ತೆ. ನಮ್ಮ ಊರಲ್ಲಿ ಎಲ್ಲರೂ ಮಾಡ್ತಾರೆ. ವಿಡಿಯೋ ಹಾಕಿದ್ದೀನಿ.

ವಕೀಲೆ: ಆ ವಿಡಿಯೋ ಅಳಿಸಿ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಹೆಚ್ಚುಕಡಿಮೆ ಯಾರೂ ಉಳಿಯುವುದಿಲ್ಲ. ಮಗುವಿನ ವಿಷಯ ಮಾತಾಡುತ್ತಿದ್ದೇವೆ.

ಮಾಳಮಡ್ಡಿ: ಇಷ್ಟೆಲ್ಲ ಯಾಕೆ? ಆ ನಾಯಿಗೆ ಒಂದು ಬಿಸ್ಕೀಟಿನಲ್ಲಿ ಹಾಕಿಬಿಟ್ರೆ ಮುಗೀತು.

ಸಪ್ತಾಪುರ: ನಾಚಿಕೆ ಆಗಬೇಕು ನಿಮಗೆ. ಕೊಂಡಿ ಹಾಕದವರು ಮನುಷ್ಯರು, ಸಾಯಬೇಕಾದ್ದು ನಾಯಿನಾ?

ಮಾಳಮಡ್ಡಿ: ನಿಮ್ಮ ಮಗುವಿಗೆ ಕಚ್ಚಿದಾಗ ಮಾತಾಡಿ. ರಸ್ತೆಯಲ್ಲಿ ಅನ್ನ ಹಾಕಿ ನಾಯಿ ಬೆಳೆಸೋರೇ ನೀವು.

ಸಪ್ತಾಪುರ: ನನ್ನ ಖರ್ಚಲ್ಲಿ ಆ ನಾಯಿಗಳಿಗೆ ಸಂತಾನಹರಣ ಆಪರೇಷನ್ ಮಾಡಿಸಿದ್ದೀನಿ. ನೀವು ಏನು ಮಾಡಿದ್ದೀರಿ ಹೇಳಿ?

ವಿದ್ಯಾನಗರ: ರಾಟ್‌ವೈಲರ್, ಪಿಟ್‌ಬುಲ್ ಬ್ಯಾನ್ ಆಗಿವೆಯಲ್ಲ, ಇನ್ನೂ ಯಾಕೆ ಸಾಕ್ತಾರೆ?

ವಕೀಲೆ: ಅಂಥ ತಳಿಗಳನ್ನು ನಿಷೇಧಿಸಲು ಹೇಳಿದ್ದ ಕೇಂದ್ರದ 2024ರ ಮಾರ್ಚ್ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಗೋಕುಲ ರಸ್ತೆಯ ಹುಡುಗನಿಗೆ ಕಚ್ಚಿದ್ದು ಲ್ಯಾಬ್ರಡಾರ್, ನೋಡಿ. ಮತ್ತೆ ವಿಷದ ಮಾತು ಇನ್ನೊಮ್ಮೆ ಬರಬಾರದು. ನಾಯಿ ಕೊಂದರೆ 325ನೇ ಕಲಂ, ಐದು ವರ್ಷದವರೆಗೆ ಶಿಕ್ಷೆ. ಅದೂ ಅಲ್ಲದೆ, ರೇಬೀಸ್ ಇದೆಯಾ ಅಂತ ತಿಳಿಯಲು ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು. ಅದು ಸತ್ತರೆ ಆ ಹುಡುಗನಿಗೇ ನಷ್ಟ.

ಗದಗ: ಬಾಡಿಗೆದಾರರ ನಾಯಿ ಕಚ್ಚಿದರೆ ಮನೆ ಓನರ್ ಹೊಣೆನಾ?

ವಕೀಲೆ: ನಾಯಿ ಯಾರ ವಶದಲ್ಲಿದೆಯೋ ಅವರು.

ಸಪ್ತಾಪುರ: ಮೇಡಂ, ನಾನು ಅನ್ನ ಹಾಕುವ ಬೀದಿ ನಾಯಿ ಕಚ್ಚಿದರೆ ನನ್ನ ಮೇಲೆ ಬರುತ್ತಾ?

ಮಾಳಮಡ್ಡಿ: ಬರಬೇಕು!

ನವನಗರ: ನಾವು ಬೋರ್ಡ್ ಹಾಕಿದ್ದೀವಿ, ಹಾಗಾಗಿ...

ವಕೀಲೆ: ಮೇಲೆ ಹೇಳಿದ್ದೇನೆ. ಓದಿ ಕೇಳಿ.

ಗೋಕುಲ ರಸ್ತೆ: ಆಸ್ಪತ್ರೆಯಿಂದ ಈಗ ಬಂದ್ವಿ. ಗಾಯದ ಇಂಜೆಕ್ಷನ್ ಮೊದಲು ಕೊಟ್ಟಿರಲಿಲ್ಲ, ಇವತ್ತು ಕೊಟ್ಟರು. ಎಂಎಲ್‌ಸಿ ಬರೆದಿದ್ದಾರೆ. ಫೋಟೋ ತೆಗೆಯುವಾಗ ಆ ಮನೆಯವರು ಬೈದರು. ಯಜಮಾನ್ರು ಠಾಣೆಗೆ ಬರಲ್ಲ ಅಂತಿದ್ದಾರೆ.

ವಕೀಲೆ: ತಾಯಿ ಸಹಿ ಸಾಕು, ಅವರು ಬರಲೇಬೇಕೆಂದಿಲ್ಲ. ನಾಳೆ ಹತ್ತೂವರೆಗೆ ಠಾಣೆಯ ಹತ್ತಿರ ಬನ್ನಿ, ನಾನೂ ಇರುತ್ತೇನೆ. ಕಾರ್ಡ್‌ನ ಎರಡು ಜೆರಾಕ್ಸ್ ತನ್ನಿ.