ರೊಟ್ಟಿ ಬಡಿಯುವಾಗ ಯೂಟ್ಯೂಬ್ ಯಾಕೆ ನಿಲ್ಲುತ್ತದೆ?

ಪ್ರಶ್ನೆ (ಕಲಬುರಗಿ): ಅಣ್ಣಾರೇ, ನಾನು ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗೆ ಕೊಡುತ್ತೇನೆ. ನಸುಕಿನಲ್ಲಿ ಒಲೆ ಹಚ್ಚಿದರೆ ಹತ್ತು ಗಂಟೆವರೆಗೂ ಬಡಿಯುವುದೇ ಕೆಲಸ. ಪಕ್ಕದಲ್ಲಿ ಫೋನ್ ಇಟ್ಟು ಯೂಟ್ಯೂಬ್‌ನಲ್ಲಿ ವಚನ ಹಚ್ಚಿರುತ್ತೇನೆ. ಸ್ವಲ್ಪ ಹೊತ್ತಿಗೆ ತಾನೇ ನಿಂತುಬಿಡುತ್ತದೆ. ಕೈ ತುಂಬಾ ಹಿಟ್ಟು, ಹಂಚಿನ ಮೇಲೆ ರೊಟ್ಟಿ. ಹೆಂಗೆ ಮುಟ್ಟಲಿ? ತವರಿಗೆ ಹೋದಾಗ ಇದೇ ಫೋನ್ ಸುಮ್ನೆ ಹಾಡುತ್ತಿರುತ್ತದೆ. ಫೋನ್ ಕೆಟ್ಟಿದೆಯಾ?

ಉತ್ತರ (ಮೊಬೈಲ್ ರಿಪೇರಿ): ಅಕ್ಕಾ, ತವರಲ್ಲಿ ವೈಫೈ ಇದೆ, ಅಲ್ವಾ? ನಿಮ್ಮಲ್ಲಿ ಸಿಮ್ ಡೇಟಾ. ಫೋನ್ ಚೆನ್ನಾಗಿಯೇ ಇದೆ. ಮೊಬೈಲ್ ಡೇಟಾದಲ್ಲಿ 30 ನಿಮಿಷ ಯಾರೂ ಮುಟ್ಟದಿದ್ದರೆ ಯೂಟ್ಯೂಬ್ ಮುಂದಿನ ವಿಡಿಯೋ ಹಚ್ಚುವುದಿಲ್ಲ. ವೈಫೈ ಇದ್ದರೆ 4 ಗಂಟೆ ಬಿಡುತ್ತದೆ. ಈ ಗಡುವು ಬದಲಿಸಲು ಆ್ಯಪ್‌ನಲ್ಲಿ ಬಟನ್ ಇಲ್ಲ. ಫೋನನ್ನು ತೆಳ್ಳನೆಯ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಡಿ. ಹಿಟ್ಟು ಹತ್ತುವುದಿಲ್ಲ, ಟಚ್ ಕೆಲಸ ಮಾಡುತ್ತದೆ. ಪ್ರತಿ ಸಲ ಹಿಟ್ಟು ನಾದುವ ಮುಂಚೆ ಒಮ್ಮೆ ಮುಟ್ಟಿ, ಹಾಡು ಮುಂದಕ್ಕೆ ಹಾಕಿ. ಇದೂ ಬೇಡ ಎಂದರೆ ಕಲಬುರಗಿ ಆಕಾಶವಾಣಿ ಹಚ್ಚಿ. ಅದು ಯಾವತ್ತೂ 'ಇನ್ನೂ ಇದ್ದೀರಾ?' ಎಂದು ಕೇಳುವುದಿಲ್ಲ.

ಪ್ರಶ್ನೆ (ಯಾದಗಿರಿ): ನಮ್ಮ ಫೋನ್‌ನಲ್ಲಿ 'ಟೇಕ್ ಎ ಬ್ರೇಕ್' ಎಂದು ಬಂದು ನಿಲ್ಲುತ್ತದೆ. ಇದೂ ಅದೇನಾ?

ಉತ್ತರ: ಅಲ್ಲ, ಇದು ಬೇರೆ. ಇದನ್ನು ಬಂದ್ ಮಾಡಬಹುದು. ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ 'ರಿಮೈಂಡ್ ಮಿ ಟು ಟೇಕ್ ಎ ಬ್ರೇಕ್' ಹುಡುಕಿ, ಆಫ್ ಮಾಡಿ. ಫೋನ್‌ನಲ್ಲಿ ಮಕ್ಕಳ ಜಿಮೇಲ್ ಹಾಕಿದ್ದೀರಾ? 18 ತುಂಬದವರ ಅಕೌಂಟ್‌ನಲ್ಲಿ ಇದು ಮೊದಲಿಂದಲೇ ಆನ್ ಇರುತ್ತದೆ. ಹಾಗಿದ್ದರೆ ಆಫ್ ಮಾಡಬೇಡಿ. ನಿಮ್ಮದೇ ಅಕೌಂಟ್ ಹಾಕಿಕೊಂಡು ನೋಡಿ.

ಪ್ರಶ್ನೆ (ಬೀದರ್): ಸರ್, ಅಂಗಡಿಯ ಲ್ಯಾಪ್‌ಟಾಪ್‌ನಲ್ಲಿ ದಿನವಿಡೀ ಹಾಡು ಇರುತ್ತದೆ. 'ವಿಡಿಯೋ ಪಾಸ್ಡ್, ಕಂಟಿನ್ಯೂ ವಾಚಿಂಗ್?' ಎಂದು ನಿಲ್ಲುತ್ತದೆ. ಗಿರಾಕಿ ಬಿಟ್ಟು ಓಡಬೇಕು.

ಉತ್ತರ: ಲ್ಯಾಪ್‌ಟಾಪ್‌ನಲ್ಲಿ ದಾರಿ ಇದೆ. ಕ್ರೋಮ್‌ಗೆ 'ಯೂಟ್ಯೂಬ್ ನಾನ್‌ಸ್ಟಾಪ್' ಥರದ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಸಿಗುತ್ತವೆ. ಆ ಪ್ರಶ್ನೆ ಬಂದ ಕೂಡಲೇ ನಿಮ್ಮ ಪರವಾಗಿ 'ಎಸ್' ಒತ್ತುತ್ತವೆ, ಅಷ್ಟೇ. ಹಾಕುವಾಗ ಏನು ಅನುಮತಿ ಕೇಳುತ್ತದೆ ನೋಡಿ. ಯೂಟ್ಯೂಬ್‌ಗೆ ಮಾತ್ರ ಕೇಳಿದರೆ ಸರಿ. ಎಲ್ಲಾ ವೆಬ್‌ಸೈಟ್ ಓದುತ್ತೇನೆ ಎಂದರೆ ಬೇಡವೇ ಬೇಡ. ಅದೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಕೆಲಸ ಮಾಡುತ್ತೀರಿ ತಾನೇ?

ಕಲಬುರಗಿಯವರು: ಅಣ್ಣಾ, ಕವರ್ ಹಾಕಿದೆ. ಮೊಳಕೈಯಿಂದಲೂ ನಡೆಯುತ್ತದೆ!