ಮಗ ಸುಧಾರಿಸಿದ್ದಾನೆ, ಆದರೆ ಲೆಕ್ಕ ಹತ್ತುತ್ತಿಲ್ಲ

ಶಿರಸಿ–ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ಹೆಸರು ಹಾಕದೆ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ. ಮಗನಿಗೆ 17. ಹೋದ ವರ್ಷ ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಕಾಯಿಲೆ) ಅಂತ ಗೊತ್ತಾಯಿತು. ಅದಕ್ಕೆ ಲಿಥಿಯಂ ಮಾತ್ರೆ ಶುರುವಾಗಿ ಎಂಟು ತಿಂಗಳು. ಈಗ ರಾತ್ರಿಯಿಡೀ ಎದ್ದು ಓಡಾಡುವುದಿಲ್ಲ, ದಿನವಿಡೀ ಹಾಸಿಗೆಯಲ್ಲೂ ಇರುವುದಿಲ್ಲ. ಡಾಕ್ಟರಿಗೆ ಸಮಾಧಾನ. ಆದರೆ ತಲೆ ಮೊದಲಿನ ಹಾಗೆ ಓಡುತ್ತಿಲ್ಲ. ಒಂದೇ ಪುಟ ನಾಲ್ಕು ಸಲ ಓದುತ್ತಾನೆ. ನನ್ನ ಅಪ್ಪ ಪ್ರತಿ ಭಾನುವಾರ ಶಿರಸಿಯಿಂದ ಫೋನ್ ಮಾಡಿ ರಾಶಿ ಅಡಿಕೆ ರೇಟು ಹೇಳುವುದು, ಇವನು "ಹದಿನೇಳು ಕ್ವಿಂಟಾಲಿಗೆ ಇಷ್ಟು ಅಜ್ಜ" ಅಂತ ಬಾಯಿಲೆಕ್ಕದಲ್ಲೇ ಹೇಳುವುದು, ಇದು ಇಬ್ಬರ ಹಳೇ ಆಟ. ಮೊನ್ನೆ "ಎಷ್ಟು ಹೇಳಿದೆ ಅಜ್ಜ?" ಅಂತ ಮೂರು ಸಲ ಕೇಳಿದ. ಆಮೇಲೆ ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋದ. ಅಪ್ಪನಿಗೆ ನಾವಿನ್ನೂ ಏನೂ ಹೇಳಿಲ್ಲ. ಇದು ಕಾಯಿಲೆಯೋ, ಮಾತ್ರೆಯೋ, ಸೋಮಾರಿತನವೋ? ಶಾಲೆಯಲ್ಲಿ ಏನು ಕೇಳಬೇಕು?

ಯಲ್ಲಾಪುರದವಳು (ನರ್ಸ್):
ಸೋಮಾರಿತನ ಅಲ್ಲ ತಂಗಿ. ಮೂಡ್ ಸರಿಯಿದ್ದಾಗಲೂ ತುಂಬ ಜನರಿಗೆ ಗಮನ, ಕೇಳಿದ್ದನ್ನು ನೆನಪಿಡುವುದು, ಕೆಲಸ ಜೋಡಿಸಿಕೊಳ್ಳುವುದು ಕಷ್ಟವಾಗುತ್ತದೆ. ಲಿಥಿಯಂ ಮಟ್ಟ ಜಾಸ್ತಿಯಾದರೂ, ಲಿಥಿಯಂನಿಂದ ಥೈರಾಯ್ಡ್ ಇಳಿದರೂ ಮಂಕು ಬರುತ್ತದೆ. ಎರಡೂ ರಕ್ತದಲ್ಲಿ ಗೊತ್ತಾಗುತ್ತದೆ, ಮಾಡಿಸಿ. ಶಾಲೆಗೆ 504 ಪ್ಲಾನ್ (ಇಂಥ ತೊಂದರೆಯಿರುವ ಮಕ್ಕಳಿಗೆ ಅಮೆರಿಕದ ಶಾಲೆ ಮಾಡಿಕೊಡುವ ಅನುಕೂಲಗಳ ಯೋಜನೆ) ಬೇಕು ಅಂತ ಬರೆದು ಕೊಡಿ, ಬರೀ ಬಾಯಲ್ಲಿ ಹೇಳಬೇಡಿ. ಪರೀಕ್ಷೆಗೆ ಹೆಚ್ಚು ಸಮಯ, ಗಲಾಟೆಯಿಲ್ಲದ ಕೋಣೆ, ಟೀಚರ್ ನೋಟ್ಸ್ ಕೇಳಬಹುದು. ನ್ಯೂರೋಸೈಕಾಲಜಿ ಟೆಸ್ಟ್ (ಗಮನ, ನೆನಪು ಅಳೆಯುವ ಪರೀಕ್ಷೆ) ಮಾಡಿಸಿದರೆ ಎಲ್ಲಿ ತಡೆಯುತ್ತಿದೆ ಅಂತ ತಿಳಿಯುತ್ತದೆ. ಮುಂದೆ ಕಾಲೇಜಿಗೂ ಆ ರಿಪೋರ್ಟ್ ಬೇಕಾಗಬಹುದು.

ಕುಮಟಾ ಭಾವ, ಡಲ್ಲಾಸ್:
ನೇರ ಹೇಳುತ್ತೇನೆ. ಈ ದೇಶದಲ್ಲಿ ಮಕ್ಕಳು ಸ್ವಲ್ಪ ಸಪ್ಪಗಾದರೂ ಮಾತ್ರೆ. ಎಲ್ಲ ನಿಲ್ಲಿಸಿ. ಆರು ತಿಂಗಳು ಊರಿಗೆ ಕಳಿಸಿ. ಅಡಿಕೆ ಸುಲಿಯಲಿ, ದಿನಾ ಒಂದೆಲಗದ ತಂಬುಳಿ ಉಣ್ಣಲಿ, ಬೆಳತನಕ ಕೂತು ಯಕ್ಷಗಾನದ ಆಟ ನೋಡಲಿ. ನಮ್ಮ ಮನೆಯಲ್ಲಿ ಎಂಟು ಜನ ಬೆಳೆದೆವು, ಯಾರಿಗಾದರೂ ಇಂಥದ್ದು ಬಂತಾ?

ಸಿದ್ದಾಪುರ ಅಮ್ಮ:
ಭಾವ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಮಗಳು ಇಲ್ಲೇ ಹುಟ್ಟಿದರೂ ದಿನಾ ಶ್ಲೋಕ ಹೇಳುತ್ತಾಳೆ, ಮೆಡಿಕಲ್ ಸೀಟೂ ಸಿಕ್ಕಿತು. ನನ್ನ ಮಗನಿಗೆ ಮಾತ್ರ ಮನೆಮಾತು ಕಲಿಸಲಿಲ್ಲ. ಈಗ ಅವನು ಫೋನೇ ಎತ್ತುವುದಿಲ್ಲ. ಬಿಡಿ.

ಕಾರವಾರ–ಮಸ್ಕತ್:
ಭಾವ, ನಿಮ್ಮ ಎಂಟರಲ್ಲಿ ಬಂದಿಲ್ಲ, ನಮ್ಮ ಮೂವರಲ್ಲಿ ಬಂತು. ತಮ್ಮ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದ. ಹುಷಾರಾದ ಮೇಲೆ ಪುಸ್ತಕ ಹಿಡಿದು ಸುಮ್ನೆ ಕೂರುತ್ತಿದ್ದ. ನಾವು ಕಳ್ಳಾಟ ಅಂದೆವು. ನಾನೇ ಅಂದೆ. ಯಾರದೋ ಮಾತು ಕೇಳಿ ಮಾತ್ರೆ ಒಮ್ಮೆಲೇ ಬಿಡಿಸಿದೆವು, ಎರಡು ತಿಂಗಳಲ್ಲಿ ಮತ್ತೆ ಆಸ್ಪತ್ರೆ. ಧಾರವಾಡಕ್ಕೆ ಕರೆದುಕೊಂಡು ಹೋಗುವಾಗ ಅರಬೈಲು ಘಟ್ಟದಲ್ಲಿ ನನ್ನ ಕೈ ಹಿಡಿದುಕೊಂಡಿದ್ದ, ಬಿಡಲೇ ಇಲ್ಲ. ಓದು ಅಲ್ಲಿಗೇ ನಿಂತಿತು.

ಕುಮಟಾ ಭಾವ, ಡಲ್ಲಾಸ್:
ನಾನು ಪೂರ್ತಿ ಬಿಡಿ ಅಂದೆನಾ? ಊರಿನ ಗಾಳಿ ಬೇಕು ಅಂದೆ.

ಯಲ್ಲಾಪುರದವಳು:
"ಎಲ್ಲ ನಿಲ್ಲಿಸಿ" ಅಂತ ಮೇಲೆ ನೀವೇ ಬರೆದಿದ್ದೀರಿ ಭಾವ. ತಂಬುಳಿ ಉಣ್ಣಲಿ, ನಾನೂ ಉಣ್ಣುತ್ತೇನೆ. ಆದರೆ ಬೆಳತನಕದ ಆಟ ಮಾತ್ರ ಬೇಡ, ನಿದ್ದೆ ಕೆಟ್ಟರೆ ಮೇನಿಯಾ (ಮನಸ್ಸು ವಿಪರೀತ ಏರುವ ಸ್ಥಿತಿ) ಕೆರಳಬಹುದು. ಊರಿಗೆ ಹೋದರೂ ಮೇ ತಿಂಗಳ ಸೆಕೆಯಲ್ಲಿ ಬೆವರಿ ಮೈಯ ನೀರಿಳಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ತಲೆನೋವಿಗೆ ಐಬುಪ್ರೊಫೆನ್ ಕೊಟ್ಟರೂ ಅಷ್ಟೇ.

ಹೊನ್ನಾವರ, ಸಿಡ್ನಿ:
ಊರಿಗೆ ವಾಪಸ್ ಹೋಗುವ ವಿಷಯ ಬಂತಲ್ಲ, ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವುದು) ಇದ್ದರೆ ಅಲ್ಲಿ ತೋಟ ಖರೀದಿಸಬಹುದಾ?

ಸಿದ್ದಾಪುರ ಅಮ್ಮ:
ಖರೀದಿಗೆ ಬರುವುದಿಲ್ಲ. ಅಪ್ಪನಿಂದ ಬಂದದ್ದಾದರೆ ಇಟ್ಟುಕೊಳ್ಳಬಹುದು. ನೋಡಿಕೊಳ್ಳುವವರು ಯಾರು ಹೇಳಿ? ಅಡಿಕೆ ಕೊನೆ ಕೊಯ್ಯಲು ಜನವೇ ಇಲ್ಲ.

ಶಿರಸಿ–ನ್ಯೂಜೆರ್ಸಿ:
ಯಲ್ಲಾಪುರದ ಅಕ್ಕಾ, ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ಕೊಟ್ಟೇ ಕರೆದುಕೊಂಡು ಹೋಗುತ್ತಿದ್ದೆ. ಸರಿಯಾ?

ಯಲ್ಲಾಪುರದವಳು:
ಅಯ್ಯೋ, ಇಲ್ಲ ಮಾರಾಯ್ತಿ. ಹಿಂದಿನ ರಾತ್ರಿಯ ಡೋಸ್ ಆಗಿ 12 ತಾಸು ಕಳೆದ ಮೇಲೆ ರಕ್ತ ತೆಗೆಯಬೇಕು. ಬೆಳಗಿನದು ಆಮೇಲೆ. ಇಷ್ಟು ದಿನ ಮಾತ್ರೆ ಕೊಟ್ಟು ಹೋದದ್ದನ್ನು ಡಾಕ್ಟರಿಗೆ ಹೇಳಿ, ಮಟ್ಟ ಇದ್ದದ್ದಕ್ಕಿಂತ ಜಾಸ್ತಿ ತೋರಿಸಿರಬಹುದು.

ಅಂಕೋಲಾ, ಎಡಿಸನ್:
ಇಲ್ಲಿ ಒಂದೆಲಗ ಎಲ್ಲಿ ಸಿಗುತ್ತದೆ?

ಕುಮಟಾ ಭಾವ, ಡಲ್ಲಾಸ್:
ವಿಯೆಟ್ನಾಂನವರ ಅಂಗಡಿಯಲ್ಲಿ "ರಾವ್ ಮಾ" ಅಂತ ಕೇಳಿ. ಬೇರು ಬಿಡಿಸಿ ಕೊಡುತ್ತಾರೆ.